ಗೋಲ್ ಮುಂದೆ ಮೆಕ್ಕೆಜೋಳ

ಇದನ್ನು ನೀವು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಭಾಗವನ್ನು ನಮ್ಮ ಮನೆಯವರೇ ನಂಬುವುದಿಲ್ಲ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ವಾರ, ಕೊಟ್ಟೂರಿನ ನಮ್ಮ ಫುಟ್‌ಬಾಲ್ ಮೈದಾನದಲ್ಲಿ ನನ್ನ ಬದಲು ಒಂದು ಟ್ರ್ಯಾಕ್ಟರ್ ಮೆಕ್ಕೆಜೋಳ ಗೋಲ್ ಕಾಯುತ್ತಿತ್ತು. ನನಗಿಂತ ಚೆನ್ನಾಗಿಯೇ ಕಾಯುತ್ತಿತ್ತು ಎಂದು ನಮ್ಮ ಟೀಮಿನ ಲೆಫ್ಟ್ ಬ್ಯಾಕ್ ಇವತ್ತಿಗೂ ಹೇಳುತ್ತಾನೆ. ಅವನ ಬಾಯಿಗೆ ಮಣ್ಣು ಬೀಳಲಿ.

ಆ ಮೈದಾನವನ್ನು ಸ್ಟೇಡಿಯಂ ಎಂದು ಕರೆಯುವವರು ಇಡೀ ಊರಿನಲ್ಲಿ ಒಬ್ಬರೇ, ನಮ್ಮ ಕ್ಲಬ್ಬಿನ ಅಧ್ಯಕ್ಷರು. ಕಾಂಪೌಂಡ್ ಇಲ್ಲ, ಕುಡಿಯಲು ನೀರಿಲ್ಲ, ಆದರೆ ಕಮಾನು ಇದೆ. ಅಂಬಾರಿ ಹೊತ್ತ ಆನೆ ತಲೆ ಬಗ್ಗಿಸದೆ ಬರುವಷ್ಟು ಎತ್ತರ. ಕಮಾನಿನ ಎರಡೂ ಪಕ್ಕ ಬಟ್ಟಬಯಲು, ಹಾಗಾಗಿ ಎಮ್ಮೆಗಳು ಕೂಡ ಅದರೊಳಗಿಂದ ಬರುವುದಿಲ್ಲ. ಕಮಾನಾದ ಮೇಲೆ ಊರೆಲ್ಲ ಚಂದಾ ಎತ್ತಿ ಆರು ಮೆಟ್ಟಿಲಿನ ಗ್ಯಾಲರಿ ಕಟ್ಟಿಸಿದರು. ಎಲ್ಲಿ? ನೀರಿನ ಟ್ಯಾಂಕಿನ ಹಿಂದೆ. ಅಲ್ಲಿ ಕೂತವರಿಗೆ ಒಂದು ಗೋಲ್ ಕಾಣುತ್ತದೆ, ಇನ್ನೊಂದು ಟ್ಯಾಂಕಿನ ಕಂಬಗಳ ಹಿಂದೆ ಅಡಗಿರುತ್ತದೆ. ಅರ್ಧ ಮ್ಯಾಚು ನೋಡಬೇಕು, ಉಳಿದರ್ಧ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬೇಕು. ಮೆಟ್ಟಿಲುಗಳ ಮೇಲೆ ಗುಟ್ಕಾ ಉಗಿದು ಉಗಿದು ಸಿಮೆಂಟಿನ ಬಣ್ಣ ಯಾವುದಿತ್ತೆಂದು ಕಟ್ಟಿದ ಮೇಸ್ತ್ರಿಗೇ ಮರೆತಿದೆ. ಕೂರಬೇಕಾದರೆ ಪೇಪರ್ ಹಾಸಬೇಕು, ಎದ್ದ ಮೇಲೆ ಆ ಪೇಪರನ್ನು ಕೋಲಿನಿಂದಲೇ ಎತ್ತಬೇಕು. ಥೂ.

ಈ ಉಗುಳುದಾನಿಗೆ ಚಾವಣಿ ಹಾಕಿಸಬೇಕೆಂದು ಅಧ್ಯಕ್ಷರಿಗೆ ಹೊಳೆಯಿತು. ದುಡ್ಡಿರಲಿಲ್ಲ. ಅವರು ಮೆಕ್ಕೆಜೋಳದ ದಲಾಲರು. ಸುಗ್ಗಿಯಲ್ಲಿ ಜೋಳ ಒಣಗಿಸಲು ಜನ ರಸ್ತೆಯ ಡಾಂಬರನ್ನೂ ಬಿಡುವುದಿಲ್ಲ, ಅಂಥದರಲ್ಲಿ ಇಷ್ಟು ದೊಡ್ಡ ಗಟ್ಟಿ ನೆಲ ಸುಮ್ಮನೆ ಬಿದ್ದಿದೆಯಲ್ಲ! ಟ್ರ್ಯಾಕ್ಟರಿಗಿಷ್ಟು ಎಂದು ಬಾಡಿಗೆಗೆ ಕೊಟ್ಟುಬಿಟ್ಟರು. ಸೆಂಟರ್ ಸರ್ಕಲ್ ಒಬ್ಬರಿಗೆ, ಎರಡು ಕಾರ್ನರ್ ಇಬ್ಬರಿಗೆ. ನಾವು ಬೆವರು ಸುರಿಸಿ ತಂದ ಗೋಲಿನ ಬಲೆಯನ್ನು ಬಿಚ್ಚಿ, ಆಡುಗಳು ಬಾಯಿ ಹಾಕದಂತೆ ಜೋಳದ ಸುತ್ತ ಕಟ್ಟಿಸಿದರು. ಗಾಳಿ ಬೀಸಿದರೆ ಹೊಟ್ಟು ಅಂಗಿಯೊಳಗೆ ಸೇರಿ ಮೈಯೆಲ್ಲ ತುರಿಕೆ. ಹಸಿ ಜೋಳದ ಮುಗ್ಗಲು ವಾಸನೆ ಎಷ್ಟಿತ್ತೆಂದರೆ ಮೂರು ದಿನ ನಾನು ತಿಂದ ಮಿರ್ಚಿ ಬಜ್ಜಿಯೂ ಅದೇ ವಾಸನೆ ಹೊಡೆಯಿತು.

ಇಷ್ಟೆಲ್ಲ ಬಯ್ದ ಮೇಲೆ ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಗೋಲ್ ಮುಂದಿನ ಆ ಒಂದು ಟ್ರ್ಯಾಕ್ಟರ್ ಜೋಳ ನಮ್ಮದು.

ಜಾಗ ತೋರಿಸಿದವನೂ ನಾನೇ. "ಎಲ್ಲಿ ಒಣಗಿಸೋಣಲೇ?" ಎಂದು ಅವ್ವ ಕೇಳಿದಳು. ಬಾಯಿ ತಡೆಯದೆ ಹೇಳಿದೆ, "ಗೋಲ್ ಮುಂದ ಹಾಕವ್ವಾ. ಒಂದು ಹರಳಿಲ್ಲ ಅಲ್ಲಿ. ಡೈವ್ ಹೊಡಿವಾಗ ಮೊಣಕೈ ಕೆತ್ತಬಾರ್ದು ಅಂತ ಎಲ್ಲಾ ನಾನ ಆರ್ಸೀನಿ." ಆಮೇಲೆ ಬುದ್ಧಿ ಬಂತು. ಭಾನುವಾರ ಹಗರಿಬೊಮ್ಮನಹಳ್ಳಿಯವರ ಜೊತೆ ಮ್ಯಾಚು. ಕ್ಯಾಪ್ಟನ್ ಕಾಲು ಉಳುಕಿಸಿಕೊಂಡಿದ್ದ. ಅವನ ಜಾಗ ಯಾರಿಗೆ ಎಂಬುದು ನನಗೂ ಲೆಫ್ಟ್ ಬ್ಯಾಕಿಗೂ ನಡುವೆ ತೂಗುತ್ತಿತ್ತು. ಈ ಜೋಳ ನಮ್ಮದೆಂದು ಗೊತ್ತಾದರೆ ಕ್ಯಾಪ್ಟನ್ ಗಿರಿ ಹೋಯಿತು, ಜೀವಮಾನಕ್ಕೆ ಒಂದು ಅಡ್ಡಹೆಸರು ಬಂತು. ಅದಕ್ಕೇ ಜೋಳ ಕಾಯಲು ಬಾಗಳಿಯಿಂದ ಅವ್ವನ ಅಪ್ಪನನ್ನು ಕರೆಸಿದೆವು. ಆ ಅಜ್ಜನ ಗುರುತು ಇಲ್ಲಿ ಯಾರಿಗೂ ಇಲ್ಲ. ಬಾಡಿಗೆಯನ್ನೂ ಅವನ ಹೆಸರಲ್ಲೇ ಬರೆಸಿದೆ. "ಮೈದಾನಕ್ಕ ಹೆಣ್ಮಕ್ಕಳು ಬರಬಾರ್ದಂತ ರೂಲ್ಸ್ ಐತಿ, ಬುತ್ತಿ ನಾನ ಒಯ್ತೀನಿ" ಎಂದು ಅವ್ವನನ್ನು ಮನೆಯಲ್ಲೇ ನಿಲ್ಲಿಸಿದೆ. ನನ್ನ ಗುರುತು ತೋರಿಸದಿರಲು ಅಜ್ಜನಿಗೆ ದಿನಕ್ಕೆರಡು ಮಿರ್ಚಿ. ಅವನು ಎರಡು ಕಂಬಗಳ ನಡುವೆ ಕೊಡೆ ಬಿಡಿಸಿಕೊಂಡು ಕೂರುತ್ತಿದ್ದ. ಹುಡುಗರು ಅವನಿಗೆ "ಕೀಪರ್ ಅಜ್ಜ" ಎಂದು ಹೆಸರಿಟ್ಟರು. ನಾನೂ ಜೊತೆಗೆ ನಕ್ಕೆ.

ಶನಿವಾರ ಮಧ್ಯಾಹ್ನ ಮೈದಾನದ ಪಕ್ಕದ ಮಿರ್ಚಿ ಬಂಡಿಯ ಹತ್ತಿರ ಎಲ್ಲ ಸೇರಿದೆವು. ನಮ್ಮ ಜರ್ಸಿ ಹೊಲಿಯುವ ಟೇಲರ್ ಮಾಮ ಕ್ಲಬ್ಬಿನ ಅತಿ ಹಳೆಯ ಅಭಿಮಾನಿ. ಅವನು ಶುರು ಮಾಡಿದ.

"ಕಮಾನ್ ಕಟ್ಟಿಸ್ದ, ಸುಮ್ನಿದ್ವಿ. ಟ್ಯಾಂಕ್ ಹಿಂದ ಗ್ಯಾಲರಿ ಕಟ್ಟಿಸ್ದ, ಕುತ್ತಿಗಿ ಉದ್ದ ಮಾಡಿ ನೋಡಿದ್ವಿ. ಈಗ ಬಾಲ್ ಎಲ್ಲಿ ಇಡಾದಪಾ, ಇವನ ತಲಿ ಮ್ಯಾಲಾ?"

ಮಿರ್ಚಿ ಕಾಕಾ ಎಣ್ಣೆಯಲ್ಲಿ ಜಾಲರಿ ಸೌಟು ಆಡಿಸುತ್ತಾ ಅಧ್ಯಕ್ಷರ ಪರ ನಿಂತ. "ಅಲ್ರಿ, ಮೈದಾನ ನಡ್ಸಾಕ ರೊಕ್ಕ ಬ್ಯಾಡೇನು? ನೀವು ಮ್ಯಾಚ್ ಆಡಿದ ದಿನ ನಂದು ಒಂದು ಬುಟ್ಟಿ ಹೋಗಂಗಿಲ್ಲ. ಜೋಳದೋರು ಬಂದ ಮ್ಯಾಲ ದಿನಾ ಮೂರು."

"ನಿನ್ನ ಬುಟ್ಟಿ ಸಲುವಾಗಿ ನಾವು ಟೀಮ್ ಬಿಡಬೇಕೇನು ಕಾಕಾ?" ಎಂದ ಲೆಫ್ಟ್ ಬ್ಯಾಕ್.

ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಬಂಡಿಯ ಪಕ್ಕದ ಕಲ್ಲು ಹತ್ತಿ ನಿಂತು ಹೇಳಿದೆ, "ಗೋಲ್ ಅಂದ್ರ ಗುಡಿ ಇದ್ದಂಗ್ರಿ! ಗರ್ಭಗುಡ್ಯಾಗ ಯಾರರ ಜೋಳ ಒಣಗಸ್ತಾರೇನು? ಹಾಕ್ದೋರಿಗೆ ನಾಚ್ಕಿ ಬ್ಯಾಡೇನು?" ಚಪ್ಪಾಳೆ ಬಿತ್ತು. ನನಗೇ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿ ಹೇಳಿದ್ದೆ. ಟೇಲರ್ ಮಾಮ ಜೇಬಿನಿಂದ ತಾನೇ ಹೊಲಿದಿದ್ದ ಹಳದಿ ಪಟ್ಟಿ ತೆಗೆದು ನನ್ನ ತೋಳಿಗೆ ಕಟ್ಟಿದ. "ನಾಳೆ ನೀನ ಕ್ಯಾಪ್ಟನ್. ಮೈದಾನ ಖಾಲಿ ಮಾಡ್ಸು, ಸಾಕು."

ಅಷ್ಟರಲ್ಲಿ ಅಧ್ಯಕ್ಷರ ಬುಲೆಟ್ ಬಂತು. ಅವರು ಇಳಿದು, ಹಲ್ಲಿನ ಸಂದಿಯಿಂದ ಅಡಿಕೆ ಚೂರೊಂದನ್ನು ಉಗುರಲ್ಲಿ ತೆಗೆದು, ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡರು.

"ಏನ್ರಪಾ ಗದ್ಲ? ವರ್ಷಕ್ಕ ನಾಕು ಮ್ಯಾಚ್ ಆಡ್ತೀರಿ, ಮೂರು ಸೋಲ್ತೀರಿ. ಜೋಳ ಯಾವತ್ತರ ಸೋತೈತೇನು?" ಆಮೇಲೆ ಸ್ವಲ್ಪ ದನಿ ತಗ್ಗಿಸಿದರು. "ನಡುವಿಂದು, ಕಾರ್ನರಿಂದು ಎಲ್ಲಾ ಇವತ್ತು ಎತ್ಯಾರ. ಗೋಲ್ ಮುಂದಿಂದೊಂದು ಉಳದೈತಿ. ಅವರು ತೆಗದ್ರ ನಾ ಬ್ಯಾಡ ಅಂತೀನೇನು? ಬಾಗಳಿ ಯಜಮಾನ್ರದು. ಹೋಗಿ ಕೇಳ್ರಿ."

ಇಡೀ ಗುಂಪು ನನ್ನ ಮುಖ ನೋಡಿತು. "ನಡಿ ಕ್ಯಾಪ್ಟನ್" ಎಂದು ಲೆಫ್ಟ್ ಬ್ಯಾಕ್ ಬೆನ್ನಿಗೆ ಗುದ್ದಿದ. ನಡೆದೆ. ಹೋಗುವಾಗ ಏನನ್ನೋ ಮರೆತಿದ್ದೇನೆ ಎನಿಸಿತು, ಏನೆಂದು ಹೊಳೆಯಲಿಲ್ಲ.

ಅಜ್ಜ ಕೊಡೆಯ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ. ಹಿಂದೆ ಇಪ್ಪತ್ತು ಜನ. ನಾನು ಸೊಂಟಕ್ಕೆ ಕೈಯಿಟ್ಟು ಗದರಿದೆ, "ಏನ್ರಿ ಯಜಮಾನ್ರ! ಯಾರ್ದಿದು ಜೋಳ?"

ಅಜ್ಜ ಕಣ್ಣು ತೆರೆದು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಎದ್ದು, ತಲೆಯ ಟವೆಲ್ ತೆಗೆದು ಕೈಮುಗಿದ. "ನಾ ಬರೇ ಕಾಯೋನ್ರಿ, ಸಾಹೇಬ್ರ."

ಹೆತ್ತ ತಾಯಿಯ ಅಪ್ಪ ನನಗೆ ಸಾಹೇಬ್ರ ಎಂದ. ಆ ಗ್ಯಾಲರಿಯ ಮೆಟ್ಟಿಲ ಮೇಲೆ ಬರಿಗಾಲಿಟ್ಟಂತಾಯಿತು. ಅಧ್ಯಕ್ಷರ ಅಡಿಕೆ ಚೂರಿಗಿಂತ ನಾನು ಹೇಸಿಗೆ ಎನಿಸಿತು. ಆದರೂ ತೋಳಿನ ಹಳದಿ ಪಟ್ಟಿ ಸುಮ್ಮನಿರಲು ಬಿಡಲಿಲ್ಲ. "ಮಾಲೀಕ್ರು ಯಾರ್ರಿ ಹಂಗಾರ?"

"ಯಾರೋ ದೊಡ್ಡೋರ್ರಿ. ಅವರಿಗೊಬ್ಬ ಮಗ ಅದಾನ, ಭಾಳ ಶಾಣ್ಯಾ. ದಿನಾ ಬುತ್ತಿ ತರ್ತಿದ್ದ. ಇವತ್ತು ಯಾಕೋ ತರ್ಲಿಲ್ರಿ. ಮುಂಜಾನಿಂದ ಒಂದು ಗುಟುಕು ನೀರೂ ಇಲ್ಲ."

ಮರೆತದ್ದು ಏನೆಂದು ಆಗ ಹೊಳೆಯಿತು. ಬುತ್ತಿ ಮನೆಯ ಜಗುಲಿಯ ಮೇಲೇ ಇತ್ತು.

"ಥೂ, ಎಂಥಾ ಮಂದಿಪಾ, ಮುದುಕನ್ನ ಉಪಾಸ ಕೆಡವ್ಯಾರ" ಎಂದ ಟೇಲರ್ ಮಾಮ.

ಆಗ ಕಮಾನಿನಿಂದ, ಹೌದು, ಈ ಸ್ಟೇಡಿಯಮ್ಮಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬರು ಆ ಕಮಾನಿನ ಒಳಗಿಂದಲೇ ನಡೆದು ಬಂದರು. ನಮ್ಮವ್ವ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನೀರಿನ ಕ್ಯಾನ್. ಗುಂಪು ತಾನಾಗಿ ದಾರಿ ಬಿಟ್ಟಿತು.

"ಎರಡು ಗಂಟಿ ಆತು! ಅಪ್ಪನ್ನ ಉಪಾಸ ಕೂಡ್ಸಿ ಇಲ್ಲಿ ಯಾರಿಗಿ ಭಾಷ್ಣ ಹೊಡಿಯಾಕತ್ತೀಯಲೇ?"

ಟೇಲರ್ ಮಾಮ ಕೆಮ್ಮಿದ. "ತಂಗೀ, ಈ ಜೋಳ..."

"ನಮ್ದರಿ ಅಣ್ಣಾರ. ಗೋಲ್ ಮುಂದ ಒಂದು ಹರಳಿಲ್ಲ, ಅಲ್ಲೇ ಹಾಕವ್ವಾ ಅಂತ ಇವನ ಹೇಳ್ದ. ಇನ್ನಾ ಹಸಿ ಐತ್ರಿ, ಸೋಮವಾರದ ಮಟ ಎತ್ತಾಕ ಬರಂಗಿಲ್ಲ." ಅಜ್ಜನ ಕೈಗೆ ಬುತ್ತಿ ಕೊಟ್ಟು ನನ್ನ ಕಡೆ ತಿರುಗಿದಳು. "ನೋಡ್ತಾ ನಿಂತಿ ಏನು? ಚಪ್ಲಿ ಬಿಡು. ಕಾಲಾಗ ಜೋಳ ತಿರುವು."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಟೇಲರ್ ಮಾಮ ನನ್ನ ತೋಳಿನ ಪಟ್ಟಿ ಬಿಚ್ಚಿ, ಒಮ್ಮೆ ಕೊಡವಿ, ಲೆಫ್ಟ್ ಬ್ಯಾಕಿನ ತೋಳಿಗೆ ಕಟ್ಟಿದ.

ನಾನು ಚಪ್ಪಲಿ ಬಿಟ್ಟೆ.