ಹ್ಯಾಂಡಲಿಗೆ ಕಟ್ಟಿದ ತಗಡು

ಎಂಬತ್ತರ ದಶಕದಲ್ಲಿ ಬಂಟ್ವಾಳದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇತ್ತು. ಗಾಳಿ ಎದೆಗೆ ಬಡಿಯದಿರಲೆಂದು ನನ್ನ ಬೈಕಿನ ಹ್ಯಾಂಡಲಿಗೆ ಅಗಲವಾದ ತಗಡಿನ ಮರೆಯೊಂದನ್ನು ಬಿಗಿದೆ. ಪಾಣೆಮಂಗಳೂರು ಸೇತುವೆಯ ಮೇಲೆ ನೇತ್ರಾವತಿಯ ಅಡ್ಡಗಾಳಿ ಬೀಸಿದ್ದೇ ತಡ, ಹ್ಯಾಂಡಲ್ ತಾನಾಗಿ ತಿರುಗಿತು. ಹಿಂದೆ ಕುಳಿತಿದ್ದ ಹೆಂಡತಿ ಉಗುರು ಊರುವಷ್ಟು ಬಿಗಿಯಾಗಿ ನನ್ನ ಹೆಗಲು ಹಿಡಿದಳು.

ಸೇತುವೆ ದಾಟಿದ ಮೇಲೆ, "ತಗಡನ್ನು ಬೈಕಿನ ಮೈಗೆ ಕಟ್ಟಿ ಮಾರಾಯ್ರೆ. ಈಗ ಹ್ಯಾಂಡಲ್ ತಿರುಗಿಸುವುದು ನೀವಲ್ಲ, ಗಾಳಿ," ಎಂದಳು.

ಬೈಕ್ ಬಿಡಲು ಬಾರದವಳು ನನಗೆ ಕಲಿಸುವುದೇ! ವಾರವಿಡೀ ಮುಖ ಊದಿಸಿಕೊಂಡಿದ್ದೆ. ಕೊನೆಗೆ ತಗಡಿನ ಎರಡೂ ಬದಿ ಕತ್ತರಿಸಿ, ಅದನ್ನು ಬೈಕಿನ ಫ್ರೇಮಿಗೆ ಬೆಸೆದೆ.

ಮುಂದಿನ ಭಾನುವಾರ ಅದೇ ಸೇತುವೆ, ಅದೇ ಗಾಳಿ. ಬೈಕ್ ತುಸು ವಾಲಿತೇ ಹೊರತು ಹ್ಯಾಂಡಲ್ ಕದಲಲಿಲ್ಲ. ಸೇತುವೆಯ ನಡುವೆ ಅವಳು ನನ್ನ ಹೆಗಲು ಬಿಟ್ಟು, ಹಾರುತ್ತಿದ್ದ ಸೆರಗನ್ನು ಎರಡೂ ಕೈಯಿಂದ ಸರಿಮಾಡಿಕೊಂಡಳು.