ಹುಲಿಗವ್ವನ ಅರವತ್ತೈದು ರೂಪಾಯಿ ಇಕ್ಕಳ

ಕುಷ್ಟಗಿಯ ಹೆಣ್ಣುಮಕ್ಕಳ ಸಾಲಿಯೊಂದರಾಗ ಹುಲಿಗವ್ವ ಆಯಾ ಆಗಿದ್ಲು. ಗಂಟಿ ಬಾರಿಸೋದು, ನೀರು ತುಂಬೋದು, ಕಸ ಹೊಡಿಯೋದು ಸರ್ಕಾರ ಆಕಿಗೆ ಕೊಟ್ಟ ಕೆಲಸ. ಆಕಿ ತಾನಾಗಿ ಹಚ್ಚಿಕೊಂಡ ಕೆಲಸ ಬ್ಯಾರೇನ ಇತ್ತು. ವರ್ಷಕ್ಕೊಮ್ಮೆ ಸಾಲಿ ಗ್ಯಾದರಿಂಗ್ ಬಂತಂದ್ರ ಡ್ಯಾನ್ಸ್ ಮಾಡೋ ಹುಡುಗೇರ ಕೂದಲಕ್ಕ ಗುಂಗುರು ಹಾಕೋದು. ಯಾರೂ ಹಾಕು ಅಂದಿರಲಿಲ್ಲ, ಯಾರೂ ಬ್ಯಾಡ ಅಂದಿರಲಿಲ್ಲ. ಆಕಿ ಕೂದಲು ನೋಡಿದ್ರ ನಾಕ ಎಳಿ, ಅವೂ ನೆಟ್ಟಗ. ಎಣ್ಣಿ ಹಚ್ಚಿ ಬಿಗಿದ್ರ ಅಡಕಿಯಷ್ಟು ತುರುಬು. ಹಂತಾಕಿಗೆ ಮಂದಿ ಮಕ್ಕಳ ಕಿವಿ ಮುಂದ ಎರಡು ಗುಂಗುರು ಇಳಿಬಿದ್ದು ಅಲುಗ್ಯಾಡೋದು ನೋಡೋದಂದ್ರ ಪಂಚಪ್ರಾಣ. ಹೊಟ್ಟೀಲೆ ಹುಟ್ಟಿದ ಮಕ್ಕಳಿರಲಿಲ್ಲ ಪಾಪ, ಸಾಲಿ ತುಂಬ ಇದ್ದವು.

ಮೊದಲಿನ ಇಕ್ಕಳ ಕಮ್ಮಾರ ಲಕ್ಷ್ಮಣಪ್ಪ ಮಾಡಿಕೊಟ್ಟಿದ್ದು. ಒಂದು ಸಲಾಕಿ, ಅದನ್ನ ತಬ್ಬಿಕೊಳ್ಳೋ ಒಂದು ತಗಡಿನ ಪಟ್ಟಿ, ಎರಡು ರೂಪಾಯಿ. ಶೇಗಡಿ ಕೆಂಡದಾಗ ಕಾಸಬೇಕು, ಹಳೇ ಪೇಪರಿಗೆ ಹಚ್ಚಿ ನೋಡಬೇಕು, ಪೇಪರು ಕಂದಲಿಲ್ಲ ಅಂದ್ರ ಕೂದಲಾ ಸುತ್ತಬೇಕು. ಆದ್ರ ಅದರದೊಂದು ಖೋಡಿ ಗುಣ ಇತ್ತು. ತುದಿ ತಣ್ಣಗಾಗಿದ್ರೂ ನಡುವ ನಿಗಿನಿಗಿ ಸುಡತಿತ್ತು.

ಎಪ್ಪತ್ತಾರರ ಗ್ಯಾದರಿಂಗಿನ್ಯಾಗ ಆಗಿದ್ದು ಅದ. ಬಳಿ ಮಾರೋ ಕಾಸೀಮಬೀಯ ಮಗಳು ಲಾಲಬೀ ಆವಾಗ ಏಳನೇತ್ತಾ. ಹುಲಿಗವ್ವ ಇಕ್ಕಳದ ತುದಿ ಪೇಪರಿಗೆ ಹಚ್ಚಿದ್ಲು, ಕಂದಲಿಲ್ಲ. ಹುಡುಗಿಯ ಎಡಗಿವಿ ಮುಂದಿನ ಕೂದಲು ಸುತ್ತಿದ್ಲು, ಚುರ್ ಅಂತು. ಬಿಚ್ಚಿದ್ರ ಕೂದಲು ಇಕ್ಕಳದ ಕೂಡನ ಬಂತು, ಕಿವಿ ಅಂಚಿಗೂ ಬರಿ ಎದ್ದಿತು. ಲಾಲಬೀ ಅಳಲಿಲ್ಲ. ಮೆಲ್ಲಕ ಮುಟ್ಟಿ ನೋಡಿಕೊಂಡು, "ಆ ಕಡೀದು ಬ್ಯಾಡ ಆಯಾ" ಅಂದ್ಲು.

ಹೆಡ್ ಬಾಯೋರು ಓಡಿ ಬಂದ್ರು. ಹುಲಿಗವ್ವ, "ನಂದೇನಿಲ್ರಿ ಬಾಯೋರ, ಈ ಇಕ್ಕಳನ ಸರಿ ಇಲ್ಲ" ಅಂದ್ಲು. "ಕುಣಿಯಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ" ಅಂತ ಅವರು ಎಲ್ಲಾರ ಮುಂದ ಅಂದ್ರು. ಅದನ್ನೂ ತಡಕೋಬಹುದಿತ್ತು. ಸಂಜಿಗೆ ಕಾಸೀಮಬೀ ಬಂದಾಕಿ ಮಗಳ ಕಿವಿ ನೋಡಿ, ಒಂದು ಮಾತು ಆಡದ ಕರಕೊಂಡು ಹೋದ್ಲು. ಮುಂದನೂ ಓಣ್ಯಾಗ ಬಳಿ ಮಾರಾಕ ಬರತಿದ್ಲು, ಹುಲಿಗವ್ವನ ಕೈ ಹಿಡಿದು ಬಳಿ ಇಡತಿದ್ಲು, ಮಳಿ ಬೆಳಿ ಎಲ್ಲಾ ಮಾತಾಡತಿದ್ಲು, ಅದೊಂದು ಬಿಟ್ಟು. ಬೈದಿದ್ರ ಎಷ್ಟ ಚಲೋ ಇತ್ತು. ಬೈದ ಮಾತು ಒಂದಿನ ಮರೀತದ, ಆಡದ ಮಾತು ಹೆಂಗ ಮರೀಬೇಕು ಹೇಳ್ರಿ.

ಒಂದು ವರ್ಷ ಹುಲಿಗವ್ವ ಇಕ್ಕಳ ಮುಟ್ಟಲಿಲ್ಲ. ಆಮ್ಯಾಲ ಯಾವುದೋ ಕೆಲಸಕ್ಕಂತ ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡ್ಯಾಗ ಹೊಸ ನಮೂನಿ ಇಕ್ಕಳ ಕಂಡ್ಲು. ಥಳಥಳ ಉಕ್ಕು, ಕಟಗಿ ಹಿಡಿಕಿ, ಬಾಯಿ ಮುಚ್ಚಿದ್ರ ಕೂದಲ ಎಳಿಯಷ್ಟೂ ಸಂದಿಲ್ಲ. ಮೊದಲಿನಿಂದ ತುದಿತನಕ ಒಂದ ಹದಕ ಕಾಯತೈತಿ ಅಂದ ಅಂಗಡಿಯಾವ. ಅರವತ್ತೈದು ರೂಪಾಯಿ. ಅರ್ಧ ತಿಂಗಳ ಪಗಾರ ಕೊಟ್ಟು ತಂದೇಬಿಟ್ಲು.

ಗಂಡ ಮಾರೆಪ್ಪ ರಸ್ತೆ ರಿಪೇರಿ ಗ್ಯಾಂಗಿನಾಗ ಗುದ್ದಲಿ ಹಿಡಿಯೋ ಮನಿಷಾ. ಇಕ್ಕಳ ತಿರುವ್ಯಾಡಿ ನೋಡಿ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ಇಷ್ಟು ರೊಕ್ಕಕ್ಕ ಒಂದು ಆಡು ಬರತಿತ್ತಲ್ಲ" ಅಂದ. "ಎರಡು ರೂಪಾಯಿದರ ಗುಂಗುರು ತಲಿ ಎರಕೊಂಡ್ರ ಹೋಗ್ತೈತಿ. ಇದರದು ಉಳೀತೈತೇನು?"

"ಇದರದೂ ಹೋಗ್ತೈತಿ" ಅಂದ್ಲು ಹುಲಿಗವ್ವ. ಸುಳ್ಳು ಹೇಳೋ ಹೆಂಗಸಲ್ಲ ಆಕಿ.

"ಹಂಗಾದ್ರ ಯಾಕ ತಂದಿ?"

ಆಕಿ ಇಕ್ಕಳ ಕಸಕೊಂಡು ಅರಬ್ಯಾಗ ಸುತ್ತಿ ಪೆಟ್ಟಿಗ್ಯಾಗ ಇಟ್ಲು. ಮುಂದ ನಾಕು ವರ್ಷ ಆ ಇಕ್ಕಳ ಎಷ್ಟು ತಲಿ ಕಂಡಿತೋ, ಒಂದು ಎಳಿ ಸುಡಲಿಲ್ಲ. ಮದವಿ ಮನಿಗೂ ಕರಿಯಾಕ ಹತ್ತಿದ್ರು.

ಎಂಬತ್ತೊಂದರಾಗ ಲಾಲಬೀಗೆ ಗಂಗಾವತಿ ಕಡೆ ವರ ಗೊತ್ತಾಯ್ತು. ಹುಡುಗಿ ತಾನ ಸಾಲಿತನಕ ಬಂದು, "ಆಯಾ, ನನ್ನ ಶಾದಿಗೆ ನೀವ ಗುಂಗುರು ಹಾಕಬೇಕು" ಅಂದ್ಲು.

ಹುಲಿಗವ್ವಗ ಕೈಯಾನ ಕೊಡಾ ಜಾರಿದಂಗಾತು. "ನಿಮ್ಮವ್ವಗ ಕೇಳಿದೇನು?"

"ಕೇಳೀನಿ. ಸುಮ್ಮಿದ್ಲು."

ಮತ್ತ ಸುಮ್ಮ. ಆವತ್ತಿನಿಂದ ಹುಲಿಗವ್ವ ಊಟ ಬಿಟ್ಲು. ಮದಲಗಿತ್ತಿ ತಲಿ ಅದು. ಇನ್ನೊಮ್ಮೆ ಸುಟ್ರ ಆ ತಾಯಿಗೆ ಹೆಂಗ ಮಾರಿ ತೋರಿಸೋದು?

ಆ ವರ್ಷ ಮಾನೌಮಿ, ಬಕ್ರೀದು ಒಂದರ ಬೆನ್ನಿಗೆ ಒಂದು ಬಂದವು, ಅವು ಮುಗಿದ ಮೂರು ದಿನಕ್ಕ ಶಾದಿ. ಮಾನೌಮಿ ದಿನ ಮಾರೆಪ್ಪ ಗುದ್ದಲಿ, ಸಲಾಕಿ, ಕುಡಗೋಲು ತೊಳೆದು ಆಯುಧ ಪೂಜಿಗೆ ಇಟ್ಟ. ಹೆಂಡ್ತಿ ಊಟ ಬಿಟ್ಟಿದ್ದು ಅವನ ಕಣ್ಣಿಗೂ ಬಿದ್ದಿತ್ತು. ಹೋಳಿಗಿ ಮಾಡಾಕ ಆಕಿ ಒಳಗ ಕುಂತಾಗ ಪೆಟ್ಟಿಗ್ಯಾನ ಇಕ್ಕಳ ತಗದ, ಔಡಲ ಎಣ್ಣಿ ಸವರಿದ, ಇಬತ್ತಿ ಕುಂಕುಮ ದಪ್ಪಗ ಬಡದ, ಕಾಯಿ ಒಡದ, ಮತ್ತ ಹಂಗ ಅರಬಿ ಸುತ್ತಿ ಇಟ್ಟ. ಆಡಿನ ಲೆಕ್ಕ ಹೇಳಿದ ಮನಿಷಾ ಅವನ. ಪೂಜಿ ಮಾಡೇನಿ ಅಂತ ಹೆಂಡ್ತಿಗೆ ಹೇಳಬೇಕಲ್ಲ, ಹೇಳಲಿಲ್ಲ.

ಶಾದಿ ದಿನ ಮುಂಜಾನೆ ಕಾಸೀಮಬೀ ಮನ್ಯಾಗ ಹುಲಿಗವ್ವ ಶೇಗಡಿ ಹೊತ್ತಿಸಿದ್ಲು, ಅರಬಿ ಬಿಚ್ಚಿ ನೋಡ್ತಾಳ, ಇಕ್ಕಳದ ತುಂಬ ಒಣಗಿದ ಕುಂಕುಮ. ಒರಸಿ ಕೆಂಡಕ್ಕ ಇಟ್ಟದ್ದ ತಡ, ಔಡಲ ಎಣ್ಣಿ ಹೊಗಿ ಮನಿ ತುಂಬಿ ಹೆಂಗಸರೆಲ್ಲ ಕೆಮ್ಮಾಕ ಹತ್ತಿದ್ರು. ಕುಂಕುಮ ಕರಕಾಗಿ ಉಕ್ಕಿಗೆ ಮೆತ್ತಿಕೊಂಡಿತು. ಕಾಸೀಮಬೀ ಬಾಗಲದಾಗ ಬಂದು ನಿಂತ್ಲು.

ಗಂಡನ್ನ ಮನಸಿನ್ಯಾಗ ಬೈಕೊಂತ, ಅವನ ಪ್ರೀತಿ ನೆನಸಿ ನಗೂನೂ ಬಂದು, ಹುಲಿಗವ್ವ ಹಿತ್ತಲಿಗೆ ಹೋಗಿ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದ್ಲು. ಉಕ್ಕು ಮೊದಲಿನಂಗ ಹೊಳೀತು. ಲಕ್ಷ್ಮಣಪ್ಪನ ಇಕ್ಕಳ ಆಗಿದ್ರ ಆ ತಿಕ್ಕಾಟಕ್ಕ ತಗಡ ಕಿತ್ತು ಬರತಿತ್ತು.

ಮತ್ತ ಕಾಸಿದ್ಲು. ಪೇಪರಿಗೆ ತುದಿ ಹಚ್ಚಿದ್ಲು, ನಡು ಹಚ್ಚಿದ್ಲು, ಬುಡ ಹಚ್ಚಿದ್ಲು. ಕಂದಲಿಲ್ಲ. ಆದ್ರೂ ನಂಬಿಕಿ ಬರಲಿಲ್ಲ. ತನ್ನ ತುರುಬಿನ್ಯಾನ ನಾಕು ಎಳಿ ಹಿರಿದು, ತೊಳದು ಒರಸಿ, ಇಕ್ಕಳಕ್ಕ ಸುತ್ತಿದ್ಲು. ಬಿಟ್ರ ಐವತ್ತು ವರ್ಷದ ಆಯಾನ ಕಿವಿ ಮುಂದ ನರಿಗೂದಲ ಗುಂಗುರು ತೂಗಾಡಾಕ ಹತ್ತಿತು. ಹೆಂಗಸರು ಬಿದ್ದು ಬಿದ್ದು ನಕ್ರು. ಆಕಿ ನಗಲಿಲ್ಲ, ಎಳಿ ಎಳಿ ಬಿಡಿಸಿ ಸುಟ್ಟಾವೇನು ಅಂತ ನೋಡಿದ್ಲು.

ಬಲಗಡೆ ಮುಗೀತು. ಎಡಗಡೆಗೆ ಬಂದ್ಲು. ಹಳೇ ಬರಿಯ ಗುರುತು ಕಿವಿ ಅಂಚಿನ್ಯಾಗ ಇನ್ನೂ ಇತ್ತು. ಇಕ್ಕಳಾ ಮತ್ತೊಮ್ಮೆ ಪೇಪರಿಗೆ ಹಚ್ಚಿ ನೋಡಿದ್ಲು. "ಅಲುಗ್ಯಾಡಬ್ಯಾಡ ನನ್ನವ್ವ" ಅಂದ್ಲು. ಲಾಲಬೀ ಹೂಂ ಅನ್ನಲಿಲ್ಲ. ಬಗ್ಗಿ ನೋಡ್ತಾಳ, ಹುಡುಗಿ ನಿದ್ದಿ ಹೋಗ್ಯಾಳ. ಎರಡು ದಿನದ ಮೆಹಂದಿ, ಗದ್ದಲ, ನಿದ್ದಿಗೇಡು. ತಲಿ ಪೂರಾ ಹುಲಿಗವ್ವನ ಎಡಗೈ ಮ್ಯಾಲ ಬಂದು ಒರಗೈತಿ, ಬಾಯಿ ಸಣ್ಣಗ ತೆರದೈತಿ.

ಹುಲಿಗವ್ವಗ ಏನ ಮಾಡಬೇಕೋ ತಿಳೀಲಿಲ್ಲ. ಒಂದು ಕೈಯಾಗ ಬಿಸಿ ಇಕ್ಕಳ, ಒಂದು ಕೈಯಾಗ ಮದಲಗಿತ್ತಿ. ತಲಿ ಎತ್ತಿ ಕಾಸೀಮಬೀ ಕಡೆ ನೋಡಿದ್ಲು.

ಕಾಸೀಮಬೀ ಹತ್ರ ಬಂದು ಕುಂತ್ಲು. ಮಗಳನ್ನ ನೋಡಿದ್ಲು, ಇಕ್ಕಳ ನೋಡಿದ್ಲು. "ಎಬ್ಬಿಸಬ್ಯಾಡ ಹುಲಿಗವ್ವ, ಹಂಗ ಹಾಕು" ಅಂದ್ಲು. "ನೀ ಅದಿಯಲ್ಲ."

ಹುಲಿಗವ್ವ ಎಡಗಿವಿ ಮುಂದಿನ ಕೂದಲು ಸುತ್ತಿ ಬಿಟ್ಲು, ಗುಂಗುರು ಇಳಿಬಿತ್ತು.

ಸಂಜಿಗೆ ಮನಿಗೆ ಬಂದಾಗ ಮಾರೆಪ್ಪ ಕಟ್ಟಿ ಮ್ಯಾಲ ಕುಂತಿದ್ದ. "ಪೂಜಿ ಮಾಡಿದ್ದು ಚಲೋ ಆತಿಲ್ಲ? ಹೆಂಗ ಆತು ಕೆಲಸ?" ಅಂತ ಕೇಳಿದ.

ಆಕಿ ಬೈಬೇಕಂತನ ಬಂದಿದ್ಲು. ಬಾಯಿ ತೆರದ್ರ ಬ್ಯಾರೆ ಮಾತ ಬಂತು. "ಹುಡುಗಿ ನಿದ್ದಿ ಹೋಗಿದ್ಲು ನೋಡ್ರಿ. ನನ್ನ ಕೈಯಾಗ ತಲಿ ಇಟ್ಟು ನಿದ್ದಿ ಹೋಗಿದ್ಲು" ಅಂದಾಕಿ, ಅಲ್ಲೇ ಹೊಸ್ತಿಲದ ಮ್ಯಾಲ ಕುಂತು ಸೆರಗಿನಾಗ ಮಾರಿ ಮುಚ್ಚಿಕೊಂಡು ಅಳಾಕ ಹತ್ತಿದ್ಲು.