ಪುಡಿ ಮುಟ್ಟದ ಹೂವು

ಅರ್ಧ ದಿನದ ಕೆಲಸ ಕೇಳಿಕೊಂಡು ಬಂದ ಮುಬಾಶಿರಾಳನ್ನು ಕುಷ್ಟಗಿಯ ಬಜಾರು ಅರ್ಧ ಬುದ್ಧಿಯವಳನ್ನು ನೋಡುವಂತೆ ನೋಡಿತು. ಬಟ್ಟೆ ಅಂಗಡಿಯ ಸಾಹುಕಾರರು ಕನ್ನಡಕ ಸರಿಪಡಿಸಿಕೊಂಡು, "ಮುಂಜಾನಿ ಹತ್ತಕ್ಕ ಬರಬೇಕು, ರಾತ್ರಿ ಒಂಬತ್ತಕ್ಕ ಹೋಗಬೇಕು. ನಡುವ ಮನಿಗೆ ಹೋಗಿ ಬರ್ತೀನಿ ಅಂದ್ರ ಹೋದಾಕಿ ಅಲ್ಲೇ ಇರವಾ" ಅಂದರು. ಖಾನಾವಳಿಯಲ್ಲಿ ಒಂದು ಕೈ ನೋಡೋಣವೆಂದು ರೊಟ್ಟಿ ಬಡಿಯಲು ಕೂರಿಸಿದರು. ರಾಗಿ ಮುದ್ದೆಯ ಸೀಮೆಯಲ್ಲಿ ಬೆಳೆದ ಕೈ. ಜೋಳದ ಹಿಟ್ಟು ನಾಲ್ಕನೇ ಏಟಿಗೆ ನಾಲ್ಕು ಹೋಳಾಯಿತು. ಖಾನಾವಳಿಯಾಕೆ ಒಳ್ಳೆಯವಳು, ನಗದೆ ಊಟ ಹಾಕಿ ಕಳಿಸಿದಳು. ನಕ್ಕಿದ್ದರೂ ಮುಬಾಶಿರಾಳಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಮೂವತ್ತೆಂಟರ ಹೆಂಗಸು. ಹದಿನೆಂಟು ತುಂಬಿದಾಗಿನಿಂದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ದುಡಿದವಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕುತ್ತಿದ್ದಳು. ಗಂಡ ನಜೀಬ ಕುಷ್ಟಗಿಯವನು. ಲಾರಿ ಓಡಿಸುತ್ತ ಅತ್ತ ಹೋಗಿ, ಅವಳನ್ನು ಕಟ್ಟಿಕೊಂಡು ಅಲ್ಲೇ ನೆಲೆ ನಿಂತಿದ್ದ. ಈ ಬೇಸಿಗೆಯಲ್ಲಿ ಅವನ ತಾಯಿ ಹಜರತಬೀ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಬಂದರು. ಶಿಡ್ಲಘಟ್ಟದ ಗೆಳತಿಯರು ಬಸ್ಸು ಹತ್ತಿಸುವಾಗ ಅವಳು ದಿಲ್ಲಿಯಿಂದಾಚೆ ಎಲ್ಲಿಗೋ ಹೊರಟವಳೇನೋ ಎಂಬಂತೆ ಅತ್ತಿದ್ದರು.

ನಜೀಬನಿಗೆ ಗಾಳಿಯಂತ್ರದ ಕಂಬಗಳಿಗೆ ಸಾಮಾನು ಸಾಗಿಸುವ ಗಾಡಿ ಸಿಕ್ಕಿತು. ಬೆಳಕು ಹರಿಯುವ ಮುಂಚೆ ಹೋದವನು ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಅತ್ತೆಯನ್ನು ಹೊರಳಿಸಿ ಮೈ ಒರೆಸುವುದು, ಉಣಿಸುವುದು, ಕಾಲು ನೀವುವುದು, ಇವೆಲ್ಲ ಹನ್ನೊಂದೂವರೆಯಿಂದ ಎರಡೂವರೆಯೊಳಗಿನ ಕೆಲಸ. ಮಿಕ್ಕ ಹೊತ್ತು ಮುಬಾಶಿರಾ ಹೊಸ್ತಿಲಲ್ಲಿ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ದುಡಿದ ಕೈ. ಈ ಊರಲ್ಲಿ ಅವಳು ಬರೀ "ಹಜರತಬೀ ಸೊಸಿ". ತನಗೂ ಒಂದು ಹೆಸರಿತ್ತು ಅನ್ನುವುದು ಅವಳಿಗೇ ಮರೆತುಹೋಗುತ್ತದೇನೋ ಎಂದು ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ದಾರಿ ತೋರಿಸಿದವಳು ಪಕ್ಕದ ಮನೆಯ ಭವಾನಿ. "ಕ್ರಾಸಿಂಗಿಗೆ ಬಾರವಾ. ಮುಂಜಾನಿ ಏಳೂವರಿಗೆ ಹೋದ್ರ ಹನ್ನೊಂದಕ್ಕ ಬಿಡ್ತಾರ. ಮತ್ತ ಮೂರಕ್ಕ ಹೋದ್ರ ಆರಕ್ಕ ಮನಿ. ನಡುವಿನ ಹೊತ್ತು ನಿಮ್ಮತ್ತಿದು."

ಅವಳಿಗೆಂದೇ ಯಾರೋ ಅಳತೆ ತೆಗೆದು ಹೊಲಿದಂಥ ಕೆಲಸ. ತಾವರಗೇರಾ ರಸ್ತೆಯಲ್ಲಿ ಶಿವಬಸಮ್ಮನ ಹೊಲ. ಹೊಲದಲ್ಲಿ ಬಿಳಿ ಬಲೆ ಹೊದಿಸಿದ ದೊಡ್ಡ ಚಪ್ಪರ. ಎಲ್ಲರೂ ಅದನ್ನು ನೆಟ್ ಅನ್ನುತ್ತಿದ್ದರು. ಒಳಗೆ ನಲವತ್ತು ಸಾಲು ಟೊಮೆಟೊ. ಹಣ್ಣು ಮಾರಲಿಕ್ಕಲ್ಲ, ಬೀಜಕ್ಕೆ. ಒಂದು ಜಾತಿಯ ಹೂವಿಗೆ ಇನ್ನೊಂದು ಜಾತಿಯ ಪರಾಗ ಹಚ್ಚುವುದೇ ಕ್ರಾಸಿಂಗ್; ಹಾಗೆ ತೆಗೆದ ಬೀಜವನ್ನು ಬೀಜದ ಕಂಪನಿ ಕೊಳ್ಳುತ್ತದೆ. ಬೇರೆ ಬೀಜ ಕಲೆತದ್ದು ಪರೀಕ್ಷೆಯಲ್ಲಿ ಗೊತ್ತಾದರೆ ಇಡೀ ನೆಟ್ಟಿನ ಬೀಜ ಕಸಕ್ಕೆ ಸಮ.

ಶಿವಬಸಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಬಂದವಳ ಮುಖ ನೋಡಲಿಲ್ಲ, ಕೈ ನೋಡಿದಳು. ಒಂದು ಚಿಮಟ ಕೊಟ್ಟು, ನಾಳೆ ಅರಳಬೇಕಾದ ಮೊಗ್ಗನ್ನು ಬಿಡಿಸಿ ಒಳಗಿನ ಪರಾಗ ತುಂಬಿದ ಹಳದಿ ಕೊಳವೆಯನ್ನು ಮಾತ್ರ ಕೀಳು, ನಡುವಿನ ಎಳೆಗೆ ತಾಗಬೇಡ ಅಂದಳು. ರೇಷ್ಮೆಯ ತುದಿ ಹುಡುಕಿದ ಬೆರಳಿಗೆ ಅದೇನು ಮಹಾ. ಮುಬಾಶಿರಾ ಹತ್ತು ಮೊಗ್ಗು ಬಿಡಿಸುವಷ್ಟರಲ್ಲಿ ಶಿವಬಸಮ್ಮ ತಲೆಯಾಡಿಸಿದಳು.

"ಎಂಟ ದಿನ ನೋಡ್ತೀನಿ. ಕೈ ಕೂಡಿದ್ರ ಹಂಗಾಮ ಮುಗಿಯೂತನಕ ಇರು. ಕೂಡಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ."

ಸಂಜೆ ಮೊಗ್ಗು ಬಿಡಿಸುವುದು, ಮರುದಿನ ಬೆಳಿಗ್ಗೆ ಆ ಹೂವಿಗೆ ಪರಾಗದ ಪುಡಿ ಹಚ್ಚುವುದು. ಸಂಜೆ ಒಬ್ಬರು ಮಾಡಿದ ಸಾಲನ್ನು ಬೆಳಿಗ್ಗೆ ಇನ್ನೊಬ್ಬರು ನೋಡಬೇಕೆಂಬುದು ಶಿವಬಸಮ್ಮನ ಕಟ್ಟಳೆ. ಹೊಸಬರಿಗೆ ಮೊದಲ ಮೂರು ಬೆಳಿಗ್ಗೆ ನೆಟ್ಟಿನೊಳಗೆ ಕೆಲಸವಿಲ್ಲ. ಅವರು ಹೊರಗೆ ಕೂತು ಪುಡಿ ಜರಡಿ ಹಿಡಿಯಬೇಕು. ಹೀಗಾಗಿ ಮುಬಾಶಿರಾ ಪುಡಿ ಹಚ್ಚುವುದನ್ನು ನೋಡಲೇ ಇಲ್ಲ. ಸಂಜೆ ಒಳಗೆ ಹೋದಾಗ ಒಂದನ್ನು ಮಾತ್ರ ಗಮನಿಸಿದಳು: ಗಿಡದ ಹಳೆಯ ಹೂಗಳ ಬುಡದಲ್ಲಿ ಐದು ಹಸಿರು ಎಸಳಿರುವ ಕಡೆ ಎರಡು ಹರಿದಿದ್ದವು. ಇದೂ ಕೆಲಸದ ಭಾಗವೇ ಇರಬೇಕು, ಹೇಳಲು ಮರೆತಿದ್ದಾರೆ ಅಂದುಕೊಂಡಳು. ಶಿಡ್ಲಘಟ್ಟದ ರೇಷ್ಮೆ ಘಟಕದಲ್ಲಿ ಗೂಡು ಬೇಯಿಸುವವಳು ಎಳೆಯ ತುದಿ ಬಿಡಿಸಿಟ್ಟೇ ಮುಂದಿನವಳಿಗೆ ಕೊಡುತ್ತಿದ್ದಳು. ಬರೀ ಬೇಯಿಸಿ ತಳ್ಳಿದರೆ ಮೈಗಳ್ಳಿ ಅನ್ನುತ್ತಿದ್ದರು. ನಾಳೆ ಬರುವವಳಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ಮೊಗ್ಗು ಬಿಡಿಸಿದ ಕೂಡಲೇ ಚಿಮಟದಿಂದಲೇ ಎರಡೆಸಳು ಕಿತ್ತಳು. ಮೂರು ಸಂಜೆ, ಹನ್ನೆರಡು ಸಾಲು. ಯಾರೂ ಬಗ್ಗಿ ನೋಡಲಿಲ್ಲ. ಆ ಎಸಳಿನ ಸಂಗತಿ ಅಲ್ಲಿನ ಹೆಂಗಸರಿಗೆ ಎಷ್ಟು ರೂಢಿಯೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆಂದು ಒಬ್ಬಳಿಗೂ ಹೊಳೆದಿರಲಿಲ್ಲ.

ಮೂರನೇ ಸಂಜೆ ಶಿವಬಸಮ್ಮ ಎಲ್ಲರೆದುರು, "ಮುಬಾಶಿರಾನ ಕೈ ಛಲೋ ಐತಿ" ಅಂದಳು. ಹಜರತಬೀ ಸೊಸೆ ಅನ್ನಲಿಲ್ಲ, ಹೆಸರು ಹಿಡಿದು ಅಂದಳು. ಮುಬಾಶಿರಾ ಮನೆಗೆ ಹೋಗುವವರೆಗೂ ಅದನ್ನೇ ಚಪ್ಪರಿಸಿದಳು.

ನಾಲ್ಕನೇ ಬೆಳಿಗ್ಗೆ ಅವಳನ್ನು ನೆಟ್ಟಿನೊಳಗೆ ಬಿಟ್ಟರು. ಭವಾನಿಯ ಪಕ್ಕ ನಿಲ್ಲಿಸಿ, ನೋಡಿ ಕಲಿ ಅಂದರು. ಭವಾನಿ ಪುಡಿಯ ಪುಟ್ಟ ಬಟ್ಟಲನ್ನು ಉಂಗುರದಂತೆ ಬೆರಳಿಗೆ ಏರಿಸಿಕೊಂಡು, ಹೂವಿನ ನಡುವಿನ ಎಳೆಯನ್ನು ಅದರಲ್ಲಿ ಅದ್ದಿ, ಆಮೇಲೆ ಉಗುರಿನಿಂದ ಎರಡೆಸಳು ಹರಿದಳು. ಹಾಗೆ ನಾಲ್ಕು ಹೂವು. ಐದನೆಯದನ್ನು ಮುಟ್ಟದೆ ಮುಂದೆ ಹೋದಳು. ಆರನೆಯದನ್ನೂ ಬಿಟ್ಟಳು.

"ಅವನ್ನ ಯಾಕೆ ಬಿಟ್ಟೆ?"

"ಎಸಳ ಹರದಾವಲ್ಲ. ಯಾರೋ ಪುಡಿ ಹಚ್ಯಾರ. ಪುಡಿ ಹಚ್ಚಿದ್ದಕ್ಕ ಅದೇ ಗುರುತು. ಹಣ್ಣಾದ ಮ್ಯಾಲೆ ಎರಡೆಸಳ ಇಲ್ಲದ ಹಣ್ಣಷ್ಟ ಬೀಜಕ್ಕ, ಉಳದದ್ದು ತಿಪ್ಪಿಗೆ."

ಮುಬಾಶಿರಾ ಬಗ್ಗಿ ನೋಡಿದಳು. ಉಗುರಿನಿಂದ ಹರಿದ ಎಸಳಿನ ಗಾಯ ಪಿಸಿಪಿಸಿಯಾಗಿರುತ್ತದೆ. ಇದು ಬುಡಕ್ಕೆ ಸಮನಾಗಿ, ನೀಟಾಗಿ ಕಿತ್ತದ್ದು. ಚಿಮಟದ ಕೆಲಸ. ಅವಳದೇ. ಮೂರು ದಿನ ಅವಳು ಕೈಯಾಡಿಸಿದ ಒಂದೊಂದು ಹೂವನ್ನೂ ಬೆಳಿಗ್ಗೆ ಬಂದವರು ಆಗಿದೆಯೆಂದು ಬಿಟ್ಟು ಹೋಗಿದ್ದಾರೆ. ಪುಡಿ ಮುಟ್ಟದವು ಬಹಳಷ್ಟು ಉದುರುತ್ತವೆ. ಆದರೆ ಅದೇ ಜಾತಿಯ ಅಕ್ಕಪಕ್ಕದ ಹೂವಿನ ಪರಾಗ ತಾನಾಗಿ ಬಿದ್ದು ಕಾಯಿಕಟ್ಟಿದವು ಎರಡೆಸಳಿನ ಸುಳ್ಳು ಗುರುತು ಹೊತ್ತು ಬೀಜದ ಬುಟ್ಟಿಗೆ ಸೇರುತ್ತವೆ.

ಅವಳು ಭವಾನಿಯ ಕಿವಿಯಲ್ಲಿ ಹೇಳಿದಳು. ಭವಾನಿಯ ಮುಖದ ಬಣ್ಣ ಬದಲಾಯಿತು.

"ಸುಮ್ನಿರು. ಎಂಟ ದಿನ ಆಗಿಲ್ಲ, ಇವತ್ತ ಓಡಸ್ತಾಳ ನಿನ್ನ. ಹಣ್ಣಿಗೆ ಬಾಯಿ ಐತೇನು?"

ಸುಮ್ಮನಿರುವುದು ಎಷ್ಟು ಸುಲಭ ಅನ್ನುವುದೇ ಮುಬಾಶಿರಾಳನ್ನು ಕಂಗೆಡಿಸಿತು. ಬೀಜದ ಪರೀಕ್ಷೆ ನಡೆಯುವುದು ತಿಂಗಳುಗಳ ಮೇಲೆ. ಇಪ್ಪತ್ತು ಹೆಂಗಸರಲ್ಲಿ ಯಾರ ತಪ್ಪೆಂದು ಯಾರು ಹೇಳಬೇಕು? ಕುಷ್ಟಗಿಯ ಬೀದಿ ಬೀದಿ ಅಲೆದು ಸಿಕ್ಕ ಒಂದೇ ಒಂದು ಕೆಲಸ. ಹೇಳಿದರೆ ಮತ್ತೆ ಅದೇ ಹೊಸ್ತಿಲು. ಬಟ್ಟಲನ್ನು ಬೆರಳಿಗೆ ಹಾಕಿಕೊಂಡು ಒಂದು ಸಾಲು ಮುಗಿಸಿದಳು. ತನ್ನ ಗುರುತಿನ ಹೂವು ಎದುರಾದಾಗೆಲ್ಲ ಕಣ್ಣು ತಪ್ಪಿಸಿದಳು. ಎರಡನೇ ಸಾಲಿನ ನಡುವೆ ಬಟ್ಟಲನ್ನು ಬೆರಳಿನಿಂದ ಕಳಚಿದಳು. ಇದನ್ನು ಮುಚ್ಚಿಟ್ಟುಕೊಂಡು ಈ ಕೈಯಿಂದ ಇವತ್ತು ಸಂಜೆ ಮೊಗ್ಗು ಬಿಡಿಸಲಾರೆ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು.

ಶಿವಬಸಮ್ಮ ಬಾಗಿಲಲ್ಲಿ ಕಂಪನಿಯ ಪ್ರಭುರಾಜನ ಜೊತೆ ನಿಂತಿದ್ದಳು. ವಾರಕ್ಕೊಮ್ಮೆ ನೆಟ್ ಪರೀಕ್ಷಿಸಲು ಬರುವ ತರುಣ, ಕೊರಳಲ್ಲಿ ಭೂತಗನ್ನಡಿ. ಬರಬಾರದ ಹೊತ್ತಿಗೇ ಬಂದಿದ್ದ. ಮುಬಾಶಿರಾ ಹೋಗಿ ನಿಂತು ಎಲ್ಲ ಹೇಳಿದಳು. "ನಂದೇ ತಪ್ಪು ಅಕ್ಕ. ಗೊತ್ತಿರಲಿಲ್ಲ. ಹನ್ನೆರಡು ಸಾಲು" ಅಂದಳು.

ಪ್ರಭುರಾಜ, "ಹನ್ನೆರಡು ಸಾಲು ಕಿತ್ತ ಹಾಕಬೇಕ್ರಿ. ಬ್ಯಾರೆ ದಾರಿ ಇಲ್ಲ" ಅಂದ.

"ಗಿಡ ಕೀಳೋದು ಬೇಡ ಸಾರ್. ನಾನು ಕಿತ್ತ ಎಸಳು ನನಗೆ ಗೊತ್ತಾಗುತ್ತೆ. ಒಂದೊಂದೇ ಹುಡುಕಿ ಹೂವು ತೆಗೀತೀನಿ."

ಪ್ರಭುರಾಜ ನಂಬಲಿಲ್ಲ. ಒಬ್ಬನೇ ಬೇರೆ ಬೇರೆ ಸಾಲುಗಳೊಳಗೆ ಹೋಗಿ ಎಸಳು ಹರಿದ ಹನ್ನೆರಡು ಹೂವು ತಂದು ಅಂಗೈಯಲ್ಲಿ ಹರವಿದ. ಯಾವುದು ನಿನ್ನದು ಹೇಳು ಅಂದ. ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ಅವಳು ಒಂದೊಂದನ್ನೂ ಎತ್ತಿ, ಬುಡ ನೋಡಿ ಬೇರೆ ಮಾಡಿದಳು. ತನ್ನವು ಐದು, ಬೇರೆಯವರವು ಏಳು. ಪ್ರಭುರಾಜ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದ. ಐದರಲ್ಲಿ ಪುಡಿಯಿರಲಿಲ್ಲ, ಸರಿ. ಏಳರಲ್ಲಿ ಆರಕ್ಕೆ ಪುಡಿಯಿತ್ತು. ಕೊನೆಯದನ್ನು ಎರಡು ಸಲ ತಿರುಗಿಸಿ ನೋಡಿದ.

"ಇದರಾಗ ಪುಡಿ ಇಲ್ಲ. ಇದೂ ನಿಂದ."

"ಅಲ್ಲ ಸಾರ್. ಉಗುರಲ್ಲಿ ಹರಿದಿದ್ದಾರೆ. ನಂದಲ್ಲ."

"ನಿಂದಲ್ಲಂದ್ರ ಪುಡಿ ಎಲ್ಲೈತಿ? ಒಂದು ತಪ್ಪಿದಾಕಿ ನೂರು ತಪ್ತಾಳ." ಅವನು ಹೂಗಳನ್ನು ಕೆಳಗೆ ಚೆಲ್ಲಿ ಶಿವಬಸಮ್ಮನ ಕಡೆ ತಿರುಗಿದ. "ಸಾಲು ಕೀಳಸ್ರಿ. ಈಕಿನ್ನ ಇವತ್ತ ಕಳಸ್ರಿ. ಇಲ್ಲಂದ್ರ ನಾ ಮ್ಯಾಲೆ ಬರೀಬೇಕಾಗ್ತೈತಿ."

ಮುಬಾಶಿರಾ ಬಿದ್ದ ಹೂವನ್ನೇ ನೋಡುತ್ತಿದ್ದಳು. ಮಾಡಿದ ತಪ್ಪಿಗೆ ಬೈದದ್ದು ಅವಳಿಗೆ ನೋಯಲಿಲ್ಲ. ಮಾಡದ ಒಂದಕ್ಕೆ ಸುಳ್ಳುಗಾರ್ತಿಯಾಗಿ ಹೋಗಬೇಕಲ್ಲ ಎಂಬುದು ನೋಯಿಸಿತು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

"ನಿಂದರು" ಅಂದಳು ಶಿವಬಸಮ್ಮ. ಆಮೇಲೆ ಪ್ರಭುರಾಜನಿಗೆ, ಮೆತ್ತಗೆ, "ನೀ ಮ್ಯಾಲೆ ಬರಿಯಪ. ಆದ್ರ ಒಂದ ಮಾತ ಕೇಳು. ಈಕಿ ತಾನಾಗಿ ಬಂದು ಹೇಳ್ಯಾಳ. ಹೇಳಿದಾಕಿನ ಓಡಿಸಿದ್ರ, ಇಲ್ಲಿ ನಿಂತ ಇಷ್ಟ ಮಂದಿ ಏನ ಕಲೀತಾರ? ತಪ್ಪ ಆದ್ರ ಬಾಯಿ ಮುಚ್ಚಿಕೊಂಡಿರಬೇಕಂತ ಕಲೀತಾರ. ಆಮ್ಯಾಲೆ ನನ್ನ ನೆಟ್ಟಿನಾಗ ಏನಾಗ್ಯಾದ ಅಂತ ನಿನ್ನ ಕನ್ನಡಿ ಹೇಳ್ತೈತೇನು?" ಅಂದಳು.

ಪ್ರಭುರಾಜ ತಾನು ಚೆಲ್ಲಿದ ಹೂಗಳ ಕಡೆ ನೋಡಿದ.

"ಅಕ್ಕಾರ." ಭವಾನಿಯ ದನಿ. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಆ ಒಂದು ಹೂ ನಂದ ಇರಬೇಕು. ಮೊನ್ನೆ ಪುಡಿ ತೀರಿತ್ತು. ಮತ್ತ ಕೇಳಾಕ ಬಂದ್ರ ಭಾಳ ಚೆಲ್ತಿ ಅಂತ ಬೈತೀರಿ ಅಂತ, ಹಂಗ ಎಸಳ ಹರಕೋತ ಹೋಗೀನಿ. ಮೂವತ್ತನೇ ಸಾಲು, ಅರ್ಧ."

ಶಿವಬಸಮ್ಮ ಕಣ್ಣು ಮುಚ್ಚಿ ತೆರೆದಳು. ಅವಳು ಬಾಯಿ ತೆರೆಯುವ ಮೊದಲೇ ಆಚೆ ತುದಿಯಲ್ಲಿದ್ದ, ಆರು ವರ್ಷದಿಂದ ಅದೇ ನೆಟ್ಟಿಗೆ ಬರುತ್ತಿದ್ದ ಮುದುಕಿ ಬಾನುಬೀ ಗಂಟಲು ಸರಿಪಡಿಸಿಕೊಂಡಳು.

"ಹಂಗ ಹರದದ್ದು ನಂದೂ ಒಂದ ಸಾಲು ಐತ್ರಿ" ಅಂದಳು.